ಹಳೇ ಪೇಟೆಗೆ ಬಸ್ಸು ತಂದ ಹೊಳಿಯಮ್ಮ

ಗಂಗಾವತಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೇ ಪೇಟೆಯ ನಿಲ್ದಾಣಕ್ಕೆ ತ್ವರಿತ ಬಸ್ಸು ಬಂದು ನಿಲ್ಲುತ್ತದೆ. ಬುತ್ತಿಗಂಟು ಹಿಡಿದು ಅಕ್ಕಿ ಗಿರಣಿಗೆ ಹೊರಟ ಹೆಂಗಸರನ್ನು ಕಂಡಕ್ಟರ್ ಹೊಳಿಯಮ್ಮ ಗದರಿ ಹತ್ತಿಸಿಕೊಳ್ಳುತ್ತಾರೆ. "ಲಗೂ ಹತ್ರಿ ಯವ್ವಾ, ಊರ ಸುದ್ದಿ ಒಳಗ ಕುಂತು ಹೇಳ್ಕೊಳ್ರಿ!" ಈ ಗದರಿಕೆಗೆ ಯಾರೂ ಹೆದರುವುದಿಲ್ಲ. ಬಸ್ಸು ಈ ಓಣಿಗೆ ಬಂದದ್ದೇ ಆ ಬಾಯಿಂದ ಎಂಬುದು ಎಲ್ಲರಿಗೂ ಗೊತ್ತು.

ಬೇವೂರಿನ ಕೂಲಿಕಾರರ ಮಗಳು ಹೊಳಿಯಮ್ಮ. ಗಂಡ ತೀರಿದ ಮೇಲೆ ಗಿರಣಿಯಲ್ಲಿ ಭತ್ತ ಹಸನು ಮಾಡುತ್ತಲೇ ಓದಿ ಈ ಕೆಲಸ ಹಿಡಿದರು. ದಿನಕ್ಕೆ ಎಂಟು ಸಲ ಊರು ಸುತ್ತುತ್ತಾರೆ. ನಿಂತು ನಿಂತು ಕಾಲು ಬಾತರೂ ಬಾಯಿ ಮಾತ್ರ ದಣಿಯುವುದಿಲ್ಲ.

ಊರ ದೊಡ್ಡ ಬಸ್ ನಿಲ್ದಾಣದಿಂದ ಗಿರಣಿಗಳವರೆಗೆ ತ್ವರಿತ ಬಸ್ಸು ಬಿಡುವ ಮಾತು ಬಂದಾಗ ಎರಡು ದಾರಿ ಎದುರುಬದುರಾದವು. ಒಂದು ಊರ ಹೊರಗಿನ ಅಗಲ ರಸ್ತೆ, ಇನ್ನೊಂದು ಹಳೇ ಪೇಟೆಯ ಒಳದಾರಿ. ಎರಡರಲ್ಲೂ ಬಸ್ಸು ಓಡಿಸಿ ನೋಡಬೇಕು. ಒಂದು ಸಲವಾದರೂ ಅರ್ಧ ಗಂಟೆಯೊಳಗೆ ಮುಟ್ಟಿ, ಹೆಚ್ಚು ಜನರನ್ನು ಒಯ್ದ ದಾರಿ ಗೆಲ್ಲುತ್ತದೆ. ಪರೀಕ್ಷೆಯ ಬಸ್ಸಿಗೆ ಹೊಳಿಯಮ್ಮನೇ ಕಂಡಕ್ಟರ್. ಹೊರಗಿನ ರಸ್ತೆಯಲ್ಲಿ ಬಸ್ಸು ಬೇಗ ಮುಟ್ಟಿತು, ಆದರೆ ಖಾಲಿ. ಹಳೇ ಪೇಟೆಯಲ್ಲಿ ಜನ ಕಿಕ್ಕಿರಿದರು, ಬಸ್ಸು ಮಾತ್ರ ದಿನಾ ತಡ. ಕೈಗೆ ಬಂದ ತುತ್ತು ಬಾಯಿಗೆ ಬರುವಂತಿರಲಿಲ್ಲ.

"ನಮ್ಮ ಮಂದಿಗೆ ಸ್ಟಾಪ್ ಅಂದ್ರ ಅವರವರ ಮನಿ ಕಟ್ಟಿ ನೋಡ್ರಿ" ಎಂದು ಅವರು ನಗುತ್ತಾರೆ. "ಕೈ ಮಾಡಿ ಬಸ್ ನಿಂದ್ರಸೂದು, 'ನಮ್ಮ ಅತ್ತಿ ಸೀರಿ ಉಡಾಕತ್ಯಾಳ, ತಡಿಯವ್ವಾ' ಅನ್ನೂದು. ನಾನೂ ತಡದೀನ್ರಿ! ಪಾಪ ಅಂತ ತಡದು ತಡದು ಅವರ ಬಸ್ಸಿಗೇ ಕಲ್ಲು ಹಾಕಾಕತ್ತಿದ್ದೆ."

ಪರೀಕ್ಷೆಯ ಕೊನೆಯ ಒಂದು ಓಟ ಉಳಿಯಿತು. ಸೋತರೆ ಹೆಂಗಸರು ಕತ್ತಲಲ್ಲಿ ನಡೆದೇ ಗಿರಣಿ ಮುಟ್ಟಬೇಕು. ಹಿಂದಿನ ಸಂಜೆ ಹೊಳಿಯಮ್ಮ ಮನೆಮನೆಗೆ ಹೋಗಿ, "ನಾಳಿ ಸ್ಟಾಪಿನ್ಯಾಗ ನಿಂದ್ರಿ. ಕಟ್ಟಿಮ್ಯಾಲೆ ಕುಂತು ಕೈ ಮಾಡಿದ್ರ ಯಾರಿಗೂ ನಿಂದ್ರಸಂಗಿಲ್ಲ" ಎಂದು ಸಾರಿ ಬಂದರು.

ಬೆಳಿಗ್ಗೆ ಮೊದಲು ಕೈ ಮಾಡಿದವರು ಬಾಷಾಬಿ. ಅವರು ಗಿರಣಿಯ ಹಳೇ ಆಳು, ಮೇಲಾಗಿ ಬಸ್ಸು ಓಡಿಸುತ್ತಿದ್ದ ಖಲಂದರನ ಹೆತ್ತ ತಾಯಿ. ಖಲಂದರನ ಕಾಲು ಬ್ರೇಕಿಗೆ ಹೋಯಿತು.

"ರೈಟ್! ಹೋಗಲಿ, ರೈಟ್!" ಹೊಳಿಯಮ್ಮ ಕೂಗಿಯೇ ಬಿಟ್ಟರು.

"ಅಕ್ಕಾ, ನಮ್ಮ ಅಮ್ಮಾ ರೀ..."

"ನಿಮ್ಮ ಅಮ್ಮಾಗ ಸಂಜೀಕ ನಾ ಕಾಲು ಬೀಳ್ತೀನಿ. ನೀ ಹೊಡಿ!"

ಬಸ್ಸು ಹೋಯಿತು. ಡ್ರೈವರನ ತಾಯಿಯನ್ನೇ ಬಿಟ್ಟ ಬಸ್ಸು ಇನ್ನಾರಿಗೆ ನಿಂತೀತು? ಕಟ್ಟೆ ಮೇಲಿದ್ದವರೆಲ್ಲ ಸೆರಗು ಸಿಕ್ಕಿಸಿಕೊಂಡು ಅಡ್ಡ ಓಣಿಗಳಲ್ಲಿ ಮುಂದಿನ ನಿಲ್ದಾಣಕ್ಕೆ ಓಡಿದರು. ತುಂಬಿದ ಬಸ್ಸು ಅರ್ಧ ಗಂಟೆಗೆ ಮೊದಲೇ ಗಿರಣಿ ಮುಟ್ಟಿದಾಗ ಒಳಗೆ ಎದ್ದ ಕೇಕೆಗೆ ಗಿರಣಿಯ ಸದ್ದೂ ಕೇಳಲಿಲ್ಲ. ಹಳೇ ಪೇಟೆ ಗೆದ್ದಿತ್ತು!

ಅವತ್ತು ನಡೆದೇ ಹೋದ ಬಾಷಾಬಿ ವಾರವಿಡೀ ಮಗನೊಂದಿಗೆ ಮಾತು ಬಿಟ್ಟಿದ್ದರಂತೆ. ಈಗ ನಿಲ್ದಾಣಕ್ಕೆ ಎಲ್ಲರಿಗಿಂತ ಮೊದಲು ಅವರೇ ಹಾಜರು. "ನನ್ನ ಬಿಟ್ಟು ಹೋಗಿದ್ದಕ್ಕ ನಿಮಗೆಲ್ಲಾ ಬಸ್ ಸಿಕ್ಕೈತಿ" ಎಂದು ಜಂಬ ಬೇರೆ.

ಇನ್ನೇನು ಆಸೆ ಎಂದು ಕೇಳಿದರೆ ಹೊಳಿಯಮ್ಮ ಸೀಟುಗಳ ಕಡೆ ತಿರುಗಿ, ದನಿ ತಗ್ಗಿಸುತ್ತಾರೆ. ಅರ್ಧ ಬಸ್ಸು ತೂಕಡಿಸುತ್ತಿದೆ. "ನಡಕೊಂತ ಹೋಗೋರಿಗೆ ನಿದ್ದಿ ಎಲ್ಲಿದ್ರಿ? ಈಗ ನೋಡ್ರಿ, ಹೆಂಗ ಮಕ್ಕೊಂಡಾರ. ಮಕ್ಕೊಳ್ಳಿ ಬಿಡ್ರಿ. ಗಿರಣಿ ಬಂದಾಗ ನಾನ ಎಬ್ಬಸ್ತೀನಿ."