ಅನುಮೋದನೆಯಾದ ದಾರಿ

ವಿಲ್ನಿಯಸ್‌ನ ಸಂಸತ್ ಭವನಕ್ಕೆ ಬರುವವರ ಕೋಟು ಇಸಿದುಕೊಂಡು ಗೂಟಕ್ಕೆ ಹಾಕುವುದು, ಹೊರಡುವಾಗ ತಿರುಗಿ ಕೊಡುವುದು ಯಾದ್ವಿಗಾಳ ಕೆಲಸ. ದೇಶದ ಹಣೆಬರಹ ಬರೆಯುವವರೆಲ್ಲ ದಿನಾ ಅವಳಿಗೆ ಬೆನ್ನು ಮಾಡಿ ತೋಳು ಚಾಚುತ್ತಿದ್ದರೇ ಹೊರತು ಮುಖ ನೋಡಿ ಮಾತಾಡಿಸಿದವರು ಕಡಿಮೆ. ಮದುವೆಯಾಗಲಿಲ್ಲ. ಸಂಜೆ ಬಸ್ಸು ಹಿಡಿದು ಗಡಿಯ ನಮ್ಮ ಹಳ್ಳಿಗೆ ಮರಳಿದರೆ ಒಲೆ ಹಚ್ಚುವವಳೂ ಅವಳೇ, ಉಣ್ಣುವವಳೂ ಅವಳೇ. ಇದ್ದ ಒಬ್ಬಳೇ ಅಕ್ಕ ರೆಗೀನಾ ಆಚೆ ಕೇರಿಗೆ ಮದುವೆಯಾಗಿ ಹೋಗಿದ್ದಳು. ಆಮೇಲೆ ಸೋವಿಯತ್ ದೇಶ ಒಡೆದು, ಆಚೆ ಕೇರಿ ಬೆಲಾರುಸ್‌ಗೆ ಸೇರಿತು. ನಡುವೆ ತಂತಿಬೇಲಿ ಎದ್ದಿತು. ಅಕ್ಕನ ಮನೆಯ ಹೊಗೆ ಇಲ್ಲಿಗೇ ಕಾಣುತ್ತದೆ, ಹೋಗಲು ಮಾತ್ರ ವೀಸಾ ಬೇಕು.

ಒಂದು ಚಳಿಗಾಲ, ಗಡಿಯ ಹಳ್ಳಿಗರು ವೀಸಾ ಇಲ್ಲದೆ ಬರಿಯ ಕಾರ್ಡು ತೋರಿಸಿ ಓಡಾಡಬಹುದೆಂಬ ಒಪ್ಪಂದ ಸಂಸತ್ತಿನ ಮುಂದೆ ಬಂತು. ಮತದಾನದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪೊವಿಲಾಸ್ ಎಂಬ ಸದಸ್ಯ ಕೆಳಗಿಳಿದು ಬಂದ.

“ಅಮ್ಮ, ಕೋಟು ಕೊಡಿ. ಹೊಟ್ಟೆ ತಾಳ ಹಾಕ್ತಿದೆ.”

“ಮೊದ್ಲು ಓಟು ಹಾಕಿ ಬನ್ನಿ. ಆಮೇಲೆ ಕೋಟು.”

“ಇದೇನಮ್ಮ ದಬ್ಬಾಳಿಕೆ! ಅದು ಹೆಂಗೂ ಪಾಸಾಗುತ್ತೆ.”

“ನಿಮ್ದೂ ಒಂದು ಸೇರ್ಲಿ. ಹೊರಗೆ ಹಿಮ ಬೀಳ್ತಿದೆ ಸ್ವಾಮಿ, ಕೋಟಿಲ್ದೆ ಎಲ್ಲಿಗೆ ಹೋಗ್ತೀರಿ?”

ಅವನು ನಗುತ್ತ ಮೆಟ್ಟಿಲೇರಿದ. ಒಪ್ಪಂದ ಪಾಸಾಯಿತು. ಸಂಜೆ ಯಾದ್ವಿಗಾ ಬೇಲಿಯ ಬಳಿ ನಿಂತು ಕೂಗಿದಳು.

“ಅಕ್ಕಾ! ಪಾಸಾಯ್ತು ಕಣೇ! ಇನ್ಮೇಲೆ ವೀಸಾ ಗೀಸಾ ಏನಿಲ್ಲ!”

“ಬಂದ್ಮೇಲೆ ಹೇಳೇ,” ಎಂದು ರೆಗೀನಾ ಕೆಮ್ಮುತ್ತ ನಕ್ಕಳು. “ನಿನ್ ಪಾರ್ಲಿಮೆಂಟ್ ನಂಬ್ಕೊಂಡು ಆಲೂಗಡ್ಡೆ ಬೇಯಕ್ಕಿಡ್ಲಾ?”

ಕೆಲವು ವಾರಗಳಲ್ಲಿ ಆಚೆಯ ಸಂಸತ್ತೂ ಒಪ್ಪಿತು. ಪ್ರತಿ ವರ್ಷ ಈಸ್ಟರಿಗೆ ವೀಸಾ ಮಾಡಿಸುತ್ತಿದ್ದ ಯಾದ್ವಿಗಾ ಆ ಸಲ ಅರ್ಜಿಯನ್ನೇ ಹಾಕಲಿಲ್ಲ. ಇಬ್ಬರೂ ಒಪ್ಪಿದ ಮೇಲೆ ಇನ್ನೇನು? ಆದರೆ ‘ನಮ್ಮಲ್ಲಿ ಎಲ್ಲ ಮುಗಿದಿದೆ’ ಎಂದು ಎರಡೂ ಸರ್ಕಾರಗಳು ಒಂದಕ್ಕೊಂದು ಬರೆದು ತಿಳಿಸಬೇಕಿತ್ತು, ಆಮೇಲೆಯೇ ಜಾರಿ. ಇಲ್ಲಿಂದ ಪತ್ರ ಹೋಯಿತು. ಆಚೆಯಿಂದ ಬರಲೇ ಇಲ್ಲ. ಮತ ಹಾಕಿದವರು ಚಪ್ಪಾಳೆ ತಟ್ಟಿ ಯಾವಾಗಲೋ ಮನೆಗೆ ಹೋಗಿದ್ದರು.

ಇವತ್ತು ಬಂದೀತು, ನಾಳೆ ಬಂದೀತು ಎಂದು ಯಾದ್ವಿಗಾ ಕಾದಳು. ಸೇಬು ಹಣ್ಣಾಗುವ ಹೊತ್ತಿಗೆ ರೆಗೀನಾ ಬೇಲಿಯ ಹತ್ತಿರ ಬರುವುದೂ ನಿಂತಿತು. ಹಾಸಿಗೆ ಹಿಡಿದಿದ್ದಾಳೆಂದು ಅವಳ ಮಗ ಅಂತೋನ್ ಕೂಗಿ ಹೇಳಿದ. ಯಾದ್ವಿಗಾ ಎದ್ದೆನೋ ಬಿದ್ದೆನೋ ಎಂದು ವೀಸಾಕ್ಕೆ ಓಡಿದಳು. ಅದು ಕೈಸೇರುವ ಮೊದಲೇ ಅಕ್ಕ ತೀರಿಕೊಂಡಳು.

ನಮ್ಮ ಊರಲ್ಲಿ ಹೆಣ ಒಯ್ಯುವಾಗ ಹತ್ತಿರದ ನೆಂಟರ ಬಾಗಿಲ ಮುಂದೆ ಒಂದು ಗಳಿಗೆ ಇಳಿಸುತ್ತಾರೆ. ಅಂತೋನ್ ಸುತ್ತು ದಾರಿ ಹಿಡಿದು ಪೆಟ್ಟಿಗೆಯನ್ನು ಬೇಲಿಯ ಕಡೆಗೇ ತಂದು ಇಳಿಸಿ ಮುಚ್ಚಳ ತೆಗೆದ. ಬೇಲಿಗೆ ತಾಗಿ ನಿಲ್ಲಲು ಎರಡೂ ಕಡೆ ಬಿಡುವುದಿಲ್ಲ; ಅಷ್ಟು ದೂರಕ್ಕೆ ಮುಖ ಕಾಣಲಿಲ್ಲ. ತಲೆಗೆ ಕಟ್ಟಿದ ಬಿಳಿ ವಸ್ತ್ರವಷ್ಟೇ ಕಂಡಿತು. ಕಾವಲಿನ ಸಿಪಾಯಿ ಬೇರೆಲ್ಲೋ ನೋಡುತ್ತ ನಿಂತ.

“ಅಕ್ಕಾ,” ಎಂದು ಯಾದ್ವಿಗಾ ಕೂಗಿದಳು, “ವೀಸಾ ಮಾಡಿಸ್ಬೇಕಿತ್ತು ಕಣೇ ನಾನು! ಎಲ್ರೂ ಒಪ್ಪಿದಾರಲ್ಲ ಅಂತ ಸುಮ್ನೆ ಕೂತ್ಬಿಟ್ಟೆ!”

ಅವಳ ಅಳು ನಿಲ್ಲುವವರೆಗೂ ಆಚೆಯವರು ಕಾದರು. ಆಮೇಲೆ ಅಂತೋನ್ ಮುಚ್ಚಳ ಹಾಕಿದ.