ಮೇಡಂ ಕಟ್ಟಿದ ಸಬ್‌ಮರೀನು

ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮಗನ ಹುಟ್ಟುಹಬ್ಬವಿತ್ತು. ಕೇಕ್ ಕತ್ತರಿಸಿದ್ದೇ ತಡ, ಹುಡುಗ ಒಂದು ದೊಡ್ಡ ಡಬ್ಬವನ್ನು ಹರಿದು, ಒಳಗಿದ್ದ ಪ್ಲಾಸ್ಟಿಕ್ ಚೀಲಗಳನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಎಲ್ಲವನ್ನೂ ನೆಲಕ್ಕೆ ಸುರಿದ. ಆ ಸದ್ದಿಗೆ ತಿರುಗಿ ನೋಡಿದೆ. ಹಿಂದೆಯೇ ವಾಸನೆಯೂ ಬಂತು. ಹೊಸ ಪ್ಲಾಸ್ಟಿಕ್ಕಿನ, ಸ್ವಲ್ಪ ಸೀಮೆಎಣ್ಣೆಯಂಥ, ಸ್ವಲ್ಪ ಹೊಸ ಚಪ್ಪಲಿಯಂಥ ವಾಸನೆ. ಡಬ್ಬದ ಮೇಲೆ ನೀಲಿ ಕಡಲು, ಅದರೊಳಗೆ ಒಂದು ಸಬ್‌ಮರೀನು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಪುಟ್ಟ ಮುಳುಗುಗಾರರು. ಯಾರೋ ಕೈಗೆ ಕೊಟ್ಟ ಕೇಕಿನ ತಟ್ಟೆಯನ್ನು ಹಿಡಿದುಕೊಂಡೇ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಗೌರಿಬಿದನೂರಿನ ಒಂದು ವಠಾರದ ಮುಂಭಾಗದ ಮನೆ ಕಣ್ಣೆದುರು ಬಂತು. ಅದು ನಮ್ಮ ಕನ್ನಡ ಮೇಡಂ ಮನೆ…

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ತುರುವೇಕೆರೆ ಕಡೆಯಿಂದ ಗೌರಿಬಿದನೂರಿಗೆ ಬಂದಿದ್ದಳು. ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಗ್ಗೆ ಕಂಪನಿಯ ವ್ಯಾನು ಬಂದು ಅವಳನ್ನು ಕರೆದೊಯ್ದರೆ ಕತ್ತಲಾಗುವ ಹೊತ್ತಿಗೆ ತಂದು ಬಿಡುತ್ತಿತ್ತು. ನಾನು ಎಂಟನೇ ಕ್ಲಾಸು. ಆಂಧ್ರದ ಗಡಿಗೆ ಹತ್ತಿರದ ಆ ಊರಲ್ಲಿ ಮಕ್ಕಳು ಒಂದು ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಜಗಳ, ಗುಟ್ಟು, ನಗೆಚಾಟಿಕೆ ಎಲ್ಲ ತೆಲುಗಿನಲ್ಲೇ. ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅವರು ಯಾರೂ ಕೆಟ್ಟವರಲ್ಲ. ಆದರೆ ಎಲ್ಲರೂ ನಕ್ಕ ಮೇಲೆ ಒಬ್ಬಳೇ "ಏನು, ಏನಂದ್ರಿ?" ಅಂತ ಕೇಳುವುದು ಎಷ್ಟು ದಿನ ಸಾಧ್ಯ? ನಾನು ಕೇಳುವುದನ್ನು ಬಿಟ್ಟೆ. ಊಟದ ಬೆಲ್ಲಿನಲ್ಲಿ ಡಬ್ಬಿ ಹಿಡಿದುಕೊಂಡು ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದೆ.

ಕನ್ನಡ ಮೇಡಂ ಕ್ಲಾಸಿನಲ್ಲಿ ಮಾತ್ರ ನನಗೆ ಊರಿಗೆ ಹೋದಂತಾಗುತ್ತಿತ್ತು. ಐವತ್ತು ದಾಟಿದ, ಎತ್ತರದ, ಮದುವೆಯಾಗದ ಹೆಂಗಸು. ಮುಖದಲ್ಲಿ ನಗು ಕಾಣುತ್ತಿದ್ದುದು ಅಪರೂಪ. ಪದ್ಯ ಓದಲು ನಿಂತರೆ ದನಿ ಆಟದ ಮೈದಾನದಾಚೆಗೂ ಕೇಳುತ್ತಿತ್ತು. ಬಾಗಿಲಲ್ಲೇ ನಿಂತು, "ತೆಲುಗೆಲ್ಲ ಬ್ಯಾಗಲ್ಲಿಟ್ಕೊಳ್ರಪ್ಪ, ಬೆಲ್ ಹೊಡೆದ್ಮೇಲೆ ತೆಗೀಬಹುದು" ಅನ್ನುತ್ತಿದ್ದರು. ಮೊದಲ ವಾರವೇ ನನ್ನನ್ನು ನಿಲ್ಲಿಸಿ ಪಾಠ ಓದಿಸಿದರು. ಓದಿ ಮುಗಿಸಿದ ಮೇಲೆ ಕೇಳಿದರು:

"ಯಾವ ಕಡೆಯೋಳಮ್ಮಾ ನೀನು?"

"ತುರುವೇಕೆರೆ ಮೇಡಂ."

"ಅದಕ್ಕೇ. ಕೇಳೋಕೆ ಚೆನ್ನಾಗಿದೆ ಕಣೇ ನಿನ್ನ ಮಾತು. ಇಲ್ಲಿಗೆ ಬಂದೆ ಅಂತ ಬಿಟ್ಬಿಡಬೇಡ."

ಅಷ್ಟೇ ಮಾತು. ನಾನು ಅದನ್ನು ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ಮಾರನೆಯ ದಿನ ಮತ್ತೆ ಹೇಳಿದೆ. ನಾವು ವಠಾರದ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆವು, ಅವರು ಮುಂದಿನ ಮನೆಯಲ್ಲಿ. ಸಂಜೆ ಅವರ ಜಗಲಿಯಲ್ಲಿ ಕೂತು ಹೋಮ್‌ವರ್ಕ್ ಮಾಡಲು ನನಗೆ ಅನುಮತಿ ಸಿಕ್ಕಿತು. ಅವರು ಒಳಗೆ ಪೇಪರ್ ಓದುತ್ತಿದ್ದರು, ನಾನು ಹೊರಗೆ ಬರೆಯುತ್ತಿದ್ದೆ. ಆಗಾಗ ಒಂದು ಮಾತು. ನನಗೆ ಅಷ್ಟೇ ಸಾಕಾಗಿತ್ತು.

ದಸರಾ ರಜೆ ಮುಗಿಯುವ ಮೊದಲೇ ಅವರಿಗೆ ಲಕ್ವ ಹೊಡೆಯಿತು. ಹಾಲು ತರುವವನು ಬಾಗಿಲು ತಟ್ಟಿದಾಗ ಒಳಗಿನಿಂದ ಬರೀ ನರಳುವ ಸದ್ದು ಬಂದಿತ್ತಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ವಾಪಸು ಬಂದಾಗ ಬಲಗೈ ಮಡಿಲಲ್ಲಿ ಯಾರೋ ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ನೋಡಿಕೊಳ್ಳಲು ಗಡಿಯಾಚೆಯ ಹಿಂದೂಪುರದ ಹತ್ತಿರದ ಹಳ್ಳಿಯಿಂದ ಅವರ ತಂಗಿ ಬಂದಿದ್ದರು.

ನಾನು ನೋಡಲು ಹೋದೆ. "ಮೇಡಂ, ಹೇಗಿದ್ದೀರಾ?" ಅಂದೆ. ಅವರು ನನ್ನನ್ನೇ ನೋಡಿದರು. ತುಟಿ ಅದುರಿತು. ಬಹಳ ಹೊತ್ತಿನ ಮೇಲೆ ಬಂದದ್ದು ಒಂದೇ ಮಾತು.

"ನೀಳ್ಳು."

ತಂಗಿ ನೀರು ತಂದು ಕುಡಿಸಿದರು. ನಾನು ಗಾಬರಿಯಾಗಿ ನಿಂತಿದ್ದೆ. ಮೇಡಂ ಬಾಯಲ್ಲಿ ತೆಲುಗು!

"ಮನೇಲಿ ನಾವು ತೆಲುಗೋರೇ ಅಲ್ವೇನಮ್ಮಾ," ಅಂದರು ತಂಗಿ. "ಅಕ್ಕ ಸ್ಕೂಲಿಗೆ ಹೋಗಿ ಕನ್ನಡ ಕಲ್ತಿದ್ದು. ಈಗ ಕಲ್ತಿದ್ದೆಲ್ಲ ಹೋಗಿ, ಅಮ್ಮ ಹೇಳಿಕೊಟ್ಟಿದ್ದು ಒಂದಿಷ್ಟು ಉಳ್ಕೊಂಡಿದೆ. ಡಾಕ್ಟ್ರು ಹಂಗಾಗ್ತದೆ ಅಂತಾರೆ."

ನಾನು ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವರಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ಆಗ ಗೊತ್ತಾಗಲಿಲ್ಲ. ಊರಲ್ಲಿ ನನ್ನೊಡನೆ ಮಾತಾಡುತ್ತಿದ್ದ ಒಬ್ಬರೇ ಒಬ್ಬರೂ ಹೊರಟುಹೋದಂತಿತ್ತು.

ಬೆರಳುಗಳಿಗೆ ಕೆಲಸ ಕೊಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಕಾಳು ಹೆಕ್ಕಿಸಿ, ಹಿಟ್ಟು ನಾದಿಸಿ, ಸಣ್ಣ ವಸ್ತು ಹಿಡಿಸಿ ಒತ್ತಿಸಿ ಎಂದು. ತಂಗಿಯ ಮಗ ಬೆಂಗಳೂರಿನ ಆಟಿಕೆ ಅಂಗಡಿಯಿಂದ ಒಂದು ಡಬ್ಬ ತಂದುಕೊಟ್ಟ. ಒಂದರ ಮೇಲೊಂದು ಕೂರಿಸಿ ಕಟ್ಟುವ ಬ್ಲಾಕುಗಳು. ಕಡಲಾಳದ ಸಾಹಸವಂತೆ. ಕಿತ್ತಳೆ ಬಣ್ಣದ ಸಬ್‌ಮರೀನು, ಗಾಜಿನಂಥ ಮುಖವಾಡದ ಮುಳುಗುಗಾರರು, ಒಂದು ಆಕ್ಟೋಪಸ್, ಬಂಡೆಯ ಗುಹೆ, ಅದರೊಳಗೆ ನಿಧಿಯ ಪೆಟ್ಟಿಗೆ. ತಂಗಿ ಎಲ್ಲವನ್ನೂ ಮೊರಕ್ಕೆ ಸುರಿದು ಮೇಡಂ ಮುಂದಿಟ್ಟರು. ಅವತ್ತು ಅವರ ಮುಖ ಕೆಂಪಾದದ್ದು ನನಗೆ ಇನ್ನೂ ನೆನಪಿದೆ. ಎಡಗೈಯಿಂದ ಮೊರವನ್ನು ತಳ್ಳಿಬಿಟ್ಟರು. ಬ್ಲಾಕುಗಳು ಮಂಚದಡಿ, ಹೊಸ್ತಿಲಾಚೆ, ಎಲ್ಲ ಕಡೆ ಚೆಲ್ಲಿದವು.

"ಪಿಲ್ಲಲ ಆಟ!" ಅಂದರು. ಮಕ್ಕಳಾಟ. ಅಷ್ಟು ನನಗೂ ಅರ್ಥವಾಯಿತು.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ನಾನು ಮಂಡಿಯೂರಿ ಒಂದೊಂದನ್ನೇ ಆರಿಸಿದೆ. ಡಬ್ಬದ ಜೊತೆಯಲ್ಲಿದ್ದ ತೆಳುವಾದ ಪುಸ್ತಕ ಬಾಗಿಲ ಹತ್ತಿರ ಬಿದ್ದಿತ್ತು. ಅದನ್ನೂ ತಂದು ಮಂಚದ ಮೇಲಿಟ್ಟೆ. ಅದು ತಾನಾಗಿ ತೆರೆದುಕೊಂಡಿತು.

ಆ ಹೊತ್ತಿಗೆ ಮೇಡಂ ಪೇಪರ್ ಓದುವುದನ್ನು ಬಿಟ್ಟಿದ್ದರು. ಕನ್ನಡ ಅಕ್ಷರಗಳನ್ನು ನೋಡುತ್ತಾ ನೋಡುತ್ತಾ ಪೇಪರನ್ನು ಬೋರಲು ಹಾಕಿಬಿಡುತ್ತಿದ್ದರು. ಕಪಾಟಿನ ಪುಸ್ತಕಗಳಿಗೆ ತಂಗಿಯಿಂದ ಬಟ್ಟೆ ಹೊದಿಸಿದ್ದರು. ಆದರೆ ಈ ಪುಸ್ತಕದಲ್ಲಿ ಮಾತೇ ಇರಲಿಲ್ಲ. ಬರೀ ಚಿತ್ರ. ಈ ತುಂಡು, ಈ ತುಂಡು, ಎರಡೂ ಸೇರಿದರೆ ಹೀಗೆ, ಒಂದು ಬಾಣದ ಗುರುತು, ಮುಂದಿನ ಚಿತ್ರ. ಮೇಡಂ ಕಣ್ಣು ಅದರ ಮೇಲೆ ನಿಂತಿತು. ಹಾಳೆ ತಿರುಗಿಸಿದರು. ಮತ್ತೊಂದು. ನಾನು ಸುಮ್ಮನೆ ಒಂದು ಚಪ್ಪಟೆ ಕಪ್ಪು ಬ್ಲಾಕಿನ ಮೇಲೆ ಒಂದು ಕಿತ್ತಳೆ ತುಂಡು ಕೂರಿಸಿದೆ. ತಕ್ಷಣ ಎಡಗೈ ಬೆರಳು ಪುಸ್ತಕವನ್ನು ಕುಟ್ಟಿತು.

"ಅದಿ ಕಾದು." ಅದಲ್ಲ.

ಬೆರಳು ಮೊರದೊಳಗೆ ಆಡಿ, ಸರಿಯಾದ ತುಂಡನ್ನು ತೋರಿಸಿತು. "ಇದಿ."

ತಪ್ಪಿದ ವ್ಯಾಕರಣ ತಿದ್ದುತ್ತಿದ್ದಾಗಿನ ಮುಖವೇ ಅದು! ಕಾಯಿಲೆ ಬಂದ ಮೇಲೆ ಮೊದಲ ಸಲ ಅವರು ನನ್ನ ಮೇಡಮ್ಮಾಗಿ ಕಂಡರು.

ಅಲ್ಲಿಂದ ಸಂಜೆಗಳು ಬದಲಾದವು. ಸ್ಕೂಲಿನಿಂದ ಬಂದವಳೇ ಬ್ಯಾಗು ಬಿಸಾಡಿ ಅವರ ಮಂಚದ ಹತ್ತಿರ ಕೂರುತ್ತಿದ್ದೆ. ಅವರು ಪುಸ್ತಕ ನೋಡಿ ತುಂಡು ತೋರಿಸುವುದು, ನಾನು ಹುಡುಕಿ ಕೊಡುವುದು, ಅವರು ಎಡಗೈಯಿಂದ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತುವುದು. ಮೊದಮೊದಲು ಆ ಹೆಬ್ಬೆರಳು ಜಾರಿ ಹೋಗುತ್ತಿತ್ತು. ಹಣೆಯಲ್ಲಿ ಬೆವರು ಕೂರುತ್ತಿತ್ತು. ಟಕ್ ಅಂತ ಕೂತಾಗ ಇಬ್ಬರೂ ಉಸಿರು ಬಿಡುತ್ತಿದ್ದೆವು. ಒಂದು ಸಂಜೆ ಒಂದೇ ತುಂಡು ಕೂತದ್ದೂ ಉಂಟು. ನಾನು ಸಹಾಯಕ್ಕೆ ಕೈ ಚಾಚಿದರೆ ತಟ್ಟಿ ದೂರ ಮಾಡುತ್ತಿದ್ದರು. ಸಮುದ್ರವನ್ನು ನಾನಂತೂ ನೋಡಿರಲಿಲ್ಲ. ಗೌರಿಬಿದನೂರಿನ ಪಿನಾಕಿನಿ ಹೊಳೆಯಲ್ಲಿ ಮರಳಿತ್ತು, ಜಾಲಿ ಗಿಡವಿತ್ತು, ನೀರಿರಲಿಲ್ಲ. ಆದರೂ ಆ ಚಳಿಗಾಲವೆಲ್ಲ ನಾವು ಕಡಲ ತಳದಲ್ಲೇ ಇದ್ದೆವು. ಅಲ್ಲಿ ಯಾರಿಗೂ ಮಾತು ಬೇಕಾಗಿರಲಿಲ್ಲ.

ಸಬ್‌ಮರೀನು ಮುಗಿದ ದಿನ ಮೇಡಂ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲ ಕಡೆ ಕಣ್ಣಲ್ಲೇ ತೋರಿಸಿದರು. ತಂಗಿ ಆಸರೆ ಕೊಟ್ಟು ನಡೆಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಯಲ್ಲಿ ನೀರು ತುಂಬಿತ್ತು. ಮೇಡಂ ಬಗ್ಗಿ ಸಬ್‌ಮರೀನನ್ನು ತೇಲಿಬಿಟ್ಟರು. ಅದು ಒಂದು ಕ್ಷಣ ಗಂಭೀರವಾಗಿ ನಿಂತಿತು. ಆಮೇಲೆ ಸಂದುಗಳಿಂದ ಗುಳ್ಳೆ ಬಿಡುತ್ತಾ, ಮೂತಿ ಕೆಳಗೆ ಮಾಡಿ, ಮುಳುಗುಗಾರರ ಸಮೇತ ತೊಟ್ಟಿಯ ತಳ ಸೇರಿತು.

"ಮುಳುಗ್ತು ಕಣೇ!" ಅಂದರು ಮೇಡಂ.

ತಂಗಿ ಕೈಲಿದ್ದ ಚೊಂಬು ಬಿಟ್ಟರು.

"ಮುಳುಗೋಕೇ ಅಲ್ವಾ ಮೇಡಂ ಅದಿರೋದು!" ಅಂದೆ.

ಅವರು ನಕ್ಕರು. ವಾರೆಯಾದ ಬಾಯಿಂದ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮುಳುಗ್ತು, ಮುಳುಗ್ತು" ಅಂತ ಮತ್ತೆ ಮತ್ತೆ ಹೇಳಿದರು, ಬಿಟ್ಟರೆ ಎಲ್ಲಿ ಕಳೆದುಹೋಗುತ್ತದೋ ಅನ್ನುವಂತೆ.

ಅದಾದ ಮೇಲೆ ಕನ್ನಡ ಒಂದೊಂದೇ ಮಾತಾಗಿ ಬಂತು. ಬಾ. ಸಾಕು. ಬೆಳಕು. ತುತ್ತು. ನಾನು ಪಾಠದ ಪುಸ್ತಕ ತಂದು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇಸಿಗೆ ಹೊತ್ತಿಗೆ ಬಲಗೈ ಬಳಪ ಹಿಡಿಯುವಂತಾಯಿತು. ಜೂನಿನಲ್ಲಿ ಸ್ಕೂಲಿಗೆ ಹೋಗುತ್ತೇನೆಂದು ಹಟ ಹಿಡಿದರು. ತಂಗಿ ಬೇಡವೆಂದರು, ಹೆಡ್‌ಮಾಸ್ಟರು ಇನ್ನಷ್ಟು ರಜೆ ತೆಗೆದುಕೊಳ್ಳಿ ಎಂದರು. ಅವರು ಕೇಳಲಿಲ್ಲ. ನನಗಂತೂ ಅವರು ಬಂದರೆ ಸಾಕಾಗಿತ್ತು.

ನಮ್ಮ ಒಂಬತ್ತನೇ ಕ್ಲಾಸಿಗೇ ಬಂದರು. ಎಲ್ಲರೂ ಎದ್ದು ನಿಂತೆವು. ಅವರು ಬೋರ್ಡಿನತ್ತ ತಿರುಗಿ ನಿಧಾನವಾಗಿ ಪಾಠದ ಹೆಸರು ಬರೆದರು. ಅಕ್ಷರ ಸೊಟ್ಟಗಿತ್ತು, ಆದರೆ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ನಮ್ಮತ್ತ ತಿರುಗಿದರು.

"ಮಕ್ಕಳೇ, ಇವತ್ತು… ಮನಮು…"

ನಿಲ್ಲಿಸಿದರು. ಮತ್ತೆ ಶುರುಮಾಡಿದರು. ಮತ್ತೆ ಅದೇ ಜಾಗದಲ್ಲಿ ತೆಲುಗು ಬಂದು ನಿಂತಿತು. ಯಾರೂ ನಗಲಿಲ್ಲ. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ತುಂಬ ಪ್ರೀತಿಯಿಂದ, ಮೆಲ್ಲಗೆ ಹೇಳಿದಳು:

"ಪರ್ವಾಲೇದು ಮೇಡಂ, ತೆಲುಗುಲೋನೇ ಚೆಪ್ಪಂಡಿ."

ಪರವಾಗಿಲ್ಲ, ತೆಲುಗಲ್ಲೇ ಹೇಳಿ. ಹೇಳಿದ್ದರೆ ಕ್ಲಾಸಿಗೆ ಕ್ಲಾಸೇ ಅರ್ಥ ಮಾಡಿಕೊಳ್ಳುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಮೇಡಂ ಆ ಹುಡುಗಿಯನ್ನು ಬಹಳ ಹೊತ್ತು ನೋಡಿದರು. ಬಳಪವನ್ನು ಮೇಜಿನ ಮೇಲಿಟ್ಟರು. ಕುರ್ಚಿಯಲ್ಲಿ ಕೂತು ಬೆಲ್ಲಾಗುವವರೆಗೆ ಕಿಟಕಿಯಾಚೆ ನೋಡುತ್ತಿದ್ದರು. ಅವರು ಬರೆದದ್ದನ್ನು ಅವತ್ತು ಯಾರೂ ಅಳಿಸಲಿಲ್ಲ.

ಸಂಜೆ ಜಗಲಿಯಲ್ಲಿ ನನ್ನ ಕೈ ಹಿಡಿದು ಹೇಳಿದರು: "ಆಗಲ್ಲ ಕಣೇ."

ಅದು ಅಚ್ಚ ಕನ್ನಡದಲ್ಲೇ ಬಂತು.

ಕೆಲಸಕ್ಕೆ ರಾಜೀನಾಮೆ ಕೊಟ್ಟರು. ತಂಗಿ ತಮ್ಮ ಹಳ್ಳಿಗೇ ಕರೆದೊಯ್ಯುವುದೆಂದಾಯಿತು. ಪುಸ್ತಕಗಳು ಸ್ಕೂಲಿನ ಲೈಬ್ರರಿಗೆ ಹೋದವು. ಆಟಿಕೆಯನ್ನು ನೀನೇ ಇಟ್ಟುಕೋ ಎಂದು ತಂಗಿ ನನಗೆ ಕೊಡಲು ಬಂದಾಗ ಮೇಡಂ ತಲೆಯಾಡಿಸಿ ತಾವೇ ತೆಗೆದುಕೊಂಡರು. ವ್ಯಾನಿನ ಹಿಂದಿನ ಸೀಟಿನಲ್ಲಿ ಸಬ್‌ಮರೀನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನನಗೆ ಅದರಿಂದ ಬೇಸರವಾಗಲಿಲ್ಲ. ಗಾಡಿ ಹಿಂದೂಪುರದ ರಸ್ತೆಗೆ ತಿರುಗಿದ ಮೇಲೆ ವಠಾರ ಎಷ್ಟು ಸದ್ದಿಲ್ಲದ್ದು ಅನ್ನುವುದು ತಿಳಿಯಿತು. ಅಮ್ಮ ಬರಲು ಇನ್ನೂ ತುಂಬ ಹೊತ್ತಿತ್ತು.

ಪಿಯುಸಿ ಮುಗಿದ ರಜೆಯಲ್ಲಿ ಅಮ್ಮನೇ, "ಒಂದ್ಸಲ ಹೋಗಿ ನೋಡ್ಕೊಂಡು ಬಾರಮ್ಮ" ಅಂದಳು. ಹಿಂದೂಪುರದ ಬಸ್ಸಿಳಿದು ಆಟೋ ಹಿಡಿದು ಹೋದೆ. ಹುಣಸೆ ಮರದ ನೆರಳಿದ್ದ ಜಗಲಿ. ನಾಲ್ಕಾರು ಹೆಂಗಸರ ನಡುವೆ ಒಬ್ಬರು ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಾ ಏನೋ ಹೇಳುತ್ತಿದ್ದರು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅವರೇ ಮೇಡಂ ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗೌರಿಬಿದನೂರಿನಲ್ಲಿ ಅವರು ಹೀಗೆ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ತೆಲುಗು ಅವರ ಬಾಯಿಂದ ನೀರಿನಂತೆ ಹರಿಯುತ್ತಿತ್ತು.

ನನ್ನನ್ನು ಗುರುತಿಸಿದರು. ಕೆನ್ನೆ ಸವರಿದರು, ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಕನ್ನಡದಲ್ಲಿ ಓದಿನ ಸುದ್ದಿ ಹೇಳಿದೆ. ಅವರು ತುಂಬ ಅಕ್ಕರೆಯಿಂದ ನೋಡುತ್ತಿದ್ದರು, ಆದರೆ ಅದು ದೂರದೂರಿನಿಂದ ಬಂದವರ ಮಾತಿಗೆ ತಲೆಯಾಡಿಸುವ ರೀತಿ. ಬಂದಿದ್ದ ಒಂದಿಷ್ಟು ಕನ್ನಡವೂ ಮತ್ತೆ ಹೋಗಿತ್ತು. "ಯಾರಾದ್ರೂ ಮಾತಾಡ್ತಾ ಇದ್ರೆ ತಾನೇ ನಿಲ್ಲೋದಮ್ಮಾ?" ಅಂದರು ತಂಗಿ. ಮೇಡಂ ಸುಖವಾಗಿದ್ದರು. ಅದು ನನಗೆ ಕಾಣುತ್ತಿತ್ತು. ಕಂಡು ಸಂತೋಷವೂ ಆಯಿತು. ಆ ಸಂತೋಷದೊಳಗೆ ನನಗೆ ಕೂರಲು ಜಾಗವಿರಲಿಲ್ಲ, ಅಷ್ಟೇ.

ಹೊರಟಾಗ ಬೇಲಿಯವರೆಗೆ ಕಾಲೆಳೆಯುತ್ತಾ ಬಂದರು. ತಂಗಿ ಒಳಗೆ ಹುಣಸೆಹಣ್ಣು ಕಟ್ಟಿಕೊಡಲು ಹೋಗಿದ್ದರು. ನಾವಿಬ್ಬರೇ. ಮೇಡಂ ಎರಡೂ ಕೈಯಿಂದ ನನ್ನ ಕೈ ಹಿಡಿದರು. ಬಲಗೈ ಹಿಡಿತ ಬಿಗಿಯಾಗಿಯೇ ಇತ್ತು. ನನ್ನ ಕಣ್ಣನ್ನೇ ನೋಡುತ್ತಾ ಏನೋ ಹೇಳಿದರು. ದೀರ್ಘವಾಗಿ, ತಡೆಯದೆ, ನಡುವೆ ಒಮ್ಮೆ ಗಂಟಲು ಕಟ್ಟಿ. ಅಲ್ಲಿ ಇಲ್ಲಿ ಕಿವಿಗೆ ಬಿದ್ದು ಕಲಿತಿದ್ದ ನಾಲ್ಕಾರು ತೆಲುಗು ಪದಗಳಿಗೆ ಅದು ದಕ್ಕಲಿಲ್ಲ. ತಿಳಿದವಳಂತೆ ತಲೆಯಾಡಿಸಿದೆ. ಅವರಿಗೆ ಸಮಾಧಾನವಾದಂತೆ ಕಂಡಿತು…

ಬಸ್ಸಿನಲ್ಲೇ ತೀರ್ಮಾನ ಮಾಡಿದೆ, ತೆಲುಗು ಕಲಿಯಬೇಕು, ಮುಂದಿನ ಸಲ ಅವರ ಜೊತೆ ಅವರ ಮಾತಿನಲ್ಲೇ ಮಾತಾಡಬೇಕು. ವಠಾರದ ಹೆಂಗಸರ ಬೆನ್ನು ಬಿದ್ದೆ. ತಪ್ಪು ತಪ್ಪಾಗಿ ಮಾತಾಡಿ ನಗೆಗೀಡಾದೆ. ಬಾಯಿ ಸ್ವಲ್ಪ ತಿರುಗುವ ಹೊತ್ತಿಗೆ ತಂಗಿಯ ಮಗ ಫೋನ್ ಮಾಡಿದ. ಮೇಡಮ್ಮಿಗೆ ಇನ್ನೊಮ್ಮೆ ಲಕ್ವ ಹೊಡೆದಿತ್ತು. ಆಸ್ಪತ್ರೆಯವರೆಗೂ ಜೀವ ನಿಲ್ಲಲಿಲ್ಲವಂತೆ.

ಈಗ ನಾನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಗಡಿ ಕಡೆಯ ಹಳ್ಳಿಗಳಿಂದ ಬಂದವರು ರಕ್ತ ಕೊಡಲು ಕೈ ಚಾಚಿ ತೆಲುಗಿನಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ನಾನೂ ತೆಲುಗಿನಲ್ಲೇ ಸಮಾಧಾನ ಹೇಳುತ್ತೇನೆ. ಮೀ ಊರು ಏದಮ್ಮಾ, ನಿಮ್ಮ ಊರು ಯಾವುದು ಎಂದು ಎಷ್ಟೋ ಜನ ಕೇಳುತ್ತಾರೆ, ತಮ್ಮ ಕಡೆಯವಳೇ ಅಂದುಕೊಂಡು.

ಬೇಲಿಯ ಹತ್ತಿರ ಅವರು ಹೇಳಿದ ಮಾತು ಈಗ ಕೇಳಿಸಿದ್ದರೆ ಪೂರ್ತಿ ಅರ್ಥವಾಗುತ್ತಿತ್ತು. ಬಹಳ ದಿನ ಅದನ್ನು ಬರೀ ಸದ್ದಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಕಲಿತ ಮೇಲೆ ಬಿಡಿಸಿ ನೋಡೋಣ ಎಂದು. ಆದರೆ ಅರ್ಥ ಗೊತ್ತಿಲ್ಲದ ಮಾತನ್ನು ಎಷ್ಟು ಕಾಲ ಕಾಪಾಡಲಾದೀತು? ಕೈಯ ಬಿಗಿ ನೆನಪಿದೆ, ಗಂಟಲು ಕಟ್ಟಿದ ಜಾಗ ನೆನಪಿದೆ. ಮಾತು ಮಾತ್ರ ಒಂದೂ ಉಳಿದಿಲ್ಲ.