ಭಾವನ ದನಿಗೆ ಮಾಡಿದ ಜಾಗ

ನಮ್ಮ ಬೀದಿಯವರು ಅವರನ್ನು ಕರೆಯುವುದು ರಿಪೇರಿ ಮಾಮ ಎಂದು. ಮೊದಲು ರೇಡಿಯೊ ಸರಿಮಾಡುತ್ತಿದ್ದರು; ರೇಡಿಯೊ ತರುವವರು ನಿಂತುಹೋದ ಮೇಲೆ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ಹಿಡಿದರು. ಮೆಟ್ಟಿಲ ಕೆಳಗಿನ ಕೋಣೆ, ಒಂದು ಬೆಂಚು, ಸ್ಪಂಜು ಕಿತ್ತುಹೋದ ಹೆಡ್‌ಫೋನು, ಪಕ್ಕದ ತಗಡು ತೆಗೆದಿಟ್ಟ ಕಂಪ್ಯೂಟರು.

ಅದಕ್ಕೆ ಲಿನಕ್ಸ್ ಎಂಬ ಸಿಸ್ಟಂ ಹಾಕಿ ಡಿಸ್ಕನ್ನು ಪಾಲು ಮಾಡಿದವರು ಅವರೇ. ಒಂದು ಪಾಲು ಸಿಸ್ಟಂಗೆ, ಇನ್ನೊಂದು ಕೆಲಸ ಮುಗಿದ ಧ್ವನಿಗಳಿಗೆ. ಇಳಿಸುವಾಗ ಧ್ವನಿ ಮೊದಲು ಬಂದು ಕೂರುವ ತಾತ್ಕಾಲಿಕ ಜಾಗವನ್ನು ಮಾತ್ರ ಡಿಸ್ಕಿನಲ್ಲಿಡದೆ ಮೆಮೊರಿಯಲ್ಲಿ ಇಟ್ಟಿದ್ದರು. ಹಳೆಯ ಡಿಸ್ಕು ಮುಗ್ಗರಿಸಿದರೆ ಧ್ವನಿ ತುಂಡಾಗುತ್ತಿತ್ತು; ಮೆಮೊರಿಯಲ್ಲಿ ಆ ಕಾಟವಿರಲಿಲ್ಲ. ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗಲೆಲ್ಲ ಅಲ್ಲಿದ್ದುದು ಅಳಿಸಿಹೋಗುತ್ತಿತ್ತು. "ಬಚ್ಚಲಿದ್ದ ಹಾಗೆ. ತಾನೇ ಹರಿದುಹೋಗುತ್ತೆ, ಗುಡಿಸೋ ಗೋಜಿಲ್ಲ" ಎನ್ನುತ್ತಿದ್ದರು.

ಅವರ ಅಕ್ಕ ಒಂದು ಕ್ಯಾಸೆಟ್ ತಂದದ್ದು ಗಂಡ ತೀರಿಕೊಂಡ ವರ್ಷ. ಲಾರಿ ಓಡಿಸುತ್ತಿದ್ದ ಭಾವ, ಟೇಪ್ ರೆಕಾರ್ಡರ್ ಕೊಂಡ ಹುಮ್ಮಸ್ಸಿನಲ್ಲಿ ಹೆಂಡತಿಯನ್ನು ಎದುರು ಕೂರಿಸಿಕೊಂಡು ಅದರಲ್ಲಿ ಮಾತಾಡಿದ್ದರು. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ.

"ಜೋಪಾನ ಕಣೋ."

"ನನಗೇ ಹೇಳ್ತೀಯಲ್ಲ ಅಕ್ಕ! ಭಾವನ್ನ ಕೈಹಿಡಿದು ಇಳಿಸಿದ ಹಾಗೆ ಇಳಿಸ್ತೀನಿ."

"ಹೂಂ, ನನ್ನ ಗಡಿಯಾರ ಬಿಚ್ಚಿದಾಗಲೂ ಹೀಗೇ ಕೊಚ್ಚಿಕೊಂಡಿದ್ದೆ."

ಟೇಪಿಗೆ ಬೂಷ್ಟು ಹಿಡಿದಿತ್ತು. ಒಮ್ಮೆ ಓಡುವಷ್ಟರಲ್ಲಿ ಅದರ ಕಂದು ಲೇಪ ಪುಡಿಯಾಗಿ ಉದುರಿಹೋಯಿತು; ಇನ್ನೊಮ್ಮೆ ಓಡಿಸಿ ಕೇಳುವಂತಿರಲಿಲ್ಲ. ಆದರೆ ಧ್ವನಿಯಷ್ಟೂ ತಾತ್ಕಾಲಿಕ ಜಾಗಕ್ಕೆ ಬಂದಿತ್ತು. ಅದನ್ನು ಉಳಿಸಿಡಲು ಹೋದರೆ ಧ್ವನಿಗಳ ಪಾಲು ಭರ್ತಿಯಾಗಿತ್ತು. ಬೇರೆಯವರದನ್ನು ಅಳಿಸಲು ಮನಸ್ಸು ಬರಲಿಲ್ಲ. ಸಿಸ್ಟಂ ಪಾಲಿನಲ್ಲಿ ಬೇಕಾದಷ್ಟು ಖಾಲಿಯಿತ್ತು; ಆದರೆ ಧ್ವನಿಗಳನ್ನು ಅಲ್ಲಿ ನುಗ್ಗಿಸಬಾರದೆಂಬುದು ಅವರೇ ಹಾಕಿಕೊಂಡ ಶಿಸ್ತು. ಭಾವನದನ್ನಂತೂ ಕಂಡಕಂಡಲ್ಲಿ ಇಡುವುದುಂಟೆ? ಸಿಸ್ಟಂ ಪಾಲನ್ನು ಕುಗ್ಗಿಸಿ, ಧ್ವನಿಗಳ ಪಾಲನ್ನು ಹಿಗ್ಗಿಸುವುದೆಂದು ಅವರು ನಿರ್ಧರಿಸಿದರು. ಅದಕ್ಕೆ ಕಂಪ್ಯೂಟರನ್ನು ನಿಲ್ಲಿಸಿ, ಪೆನ್‌ಡ್ರೈವಿನಿಂದ ಮತ್ತೆ ಶುರು ಮಾಡಬೇಕು. ಹಾಗೆಯೇ ಮಾಡಿದರು. ಪಾಲುಗಳು ಅಂದುಕೊಂಡಂತೆ ಸರಿದವು. ಭಾವನಿಗೆ ಬೇಕಾದುದಕ್ಕಿಂತ ಹೆಚ್ಚೇ ಜಾಗವಾಯಿತು. ಅಲ್ಲಿಗೆ ತಂದಿಡಲೆಂದು ತಾತ್ಕಾಲಿಕ ಜಾಗವನ್ನು ತೆರೆದರೆ ಅದು ಬರಿದಾಗಿತ್ತು.

ಅವರು ಬಾಗಿಲಿಗೆ ಬೀಗವನ್ನೂ ಹಾಕದೆ ಅಕ್ಕನ ಮನೆಗೆ ನಡೆದು, ಆದದ್ದನ್ನು ಹೇಳಿದರು. ಮುಂದಿನ ಮಾತುಗಳ ಬಗ್ಗೆ ನಾನು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಹೇಳಿದ್ದು ಒಂದೇ. ಅಕ್ಕ ಬೈಯಲಿಲ್ಲ. ಇಷ್ಟೇ ಕೇಳಿದರು:

"ಇಳಿಸುವಾಗ ನೀನು ಕೇಳಿದ್ದೀಯಲ್ಲ?"

"ಪೂರ್ತಿ."

"ಹಾಗಾದ್ರೆ ಹೇಳು."

ರಿಪೇರಿ ಮಾಮ ತಲೆ ತಗ್ಗಿಸಿದರು. "ಅದ್ರಲ್ಲಿ ಭಾವ ನಿನ್ನನ್ನ 'ಏನೇ' ಅಂತಾರೆ ಅಕ್ಕ. ನಾನು ಹೇಗೆ ಅನ್ನಲಿ?"

"ಅನ್ನು. ಇಲ್ಲಿ ಯಾರಿದ್ದಾರೆ?"

ಅವರು ಗಂಟಲು ಸರಿಮಾಡಿಕೊಂಡರು. "ಏನೇ, ಟೇಪು ತಿರುಗ್ತಿದೆ, ಮಾತಾಡೇ. ದಿನಾ ಬೀದಿಗೆಲ್ಲ ಕೇಳೋ ಹಾಗೆ ಬೈತೀಯ, ಈಗ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ."

ಅಕ್ಕ ಫಕ್ಕನೆ ನಕ್ಕರು. ಆಮೇಲೆ ಅಲ್ಲವೆಂದು ತಲೆಯಾಡಿಸಿದರು.

"ಮಾತೇನೋ ಅವರದೇ. ಆದ್ರೆ ಅವರು ಹೀಗಲ್ಲ ಅಂತಿದ್ದದ್ದು. ಒಂಥರಾ ಎಳೀತಿದ್ರು."

"ಹೇಗೆ?"

ತೋರಿಸಲು ಅಕ್ಕ ಬಾಯಿ ತೆರೆದರು. ನಿಲ್ಲಿಸಿ, ಮತ್ತೊಮ್ಮೆ ಪ್ರಯತ್ನಿಸಿದರು. ಆ ಎಳೆತ ಅವರಿಗೂ ಬರಲಿಲ್ಲ.